ಊರಿನ ಬೊಕ್ಕಸ: ನಮ್ಮ ಪಾಲು, ನಮ್ಮ ಹೊಣೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ನಗರವೆಂದರೆ ಮೊದಲು ಒಂದು ಕೆಲಸ, ಒಂದು ಖೋಲಿ, ತಿಂಗಳ ಕೊನೆಗೆ ಕೈಗೆ ಬರುವ ಪಗಾರ, ಇಷ್ಟೇ. ನಗರದ ಆಡಳಿತವೆಂಬುದು ಮನೆಮಾರು ಉಳ್ಳವರ ವಿಷಯ. ಬಾಡಿಗೆಯ ಖೋಲಿಯಲ್ಲಿ ಇರುವ ನಮಗೆ ಅದರ ಗೊಡವೆ ಏಕೆ ಎಂಬ ಮಾತು ನಮ್ಮ ವಾಚನಾಲಯದಲ್ಲಿಯೂ ಆಗಾಗ ಕಿವಿಗೆ ಬೀಳುತ್ತದೆ. ಪಟ್ಟಿ ಕಟ್ಟುವವರು ಮಾಲಕರು, ನಾವಲ್ಲ ಎಂದು ಹೇಳುವವರೂ ಉಂಟು. ಈ ತಿಳುವಳಿಕೆ ಸರಿಯಲ್ಲವೆಂದು ತೋರಿಸುವುದೇ ಈ ಪಾಠದ ಉದ್ದೇಶ. ಕಲಬುರ್ಗಿ, ವಿಜಯಪುರ, ಬೀದರ, ಬೆಳಗಾವಿ ಕಡೆಯಿಂದ ಬಂದು ಸ್ವಾರಗೇಟಿನ ಸುತ್ತಮುತ್ತ ನೆಲೆಸಿದ ಕೂಲಿಕಾರರೂ ಕಾರಕೂನರೂ ಪುಣೆಯ ಬೊಕ್ಕಸಕ್ಕೆ ದಿನವೂ ಹಣ ತುಂಬುತ್ತಿದ್ದಾರೆ. ಆ ಹಣ ಯಾವ ದಾರಿಯಿಂದ ಹೋಗುತ್ತದೆ, ಅದನ್ನು ಯಾರು ವೆಚ್ಚ ಮಾಡುತ್ತಾರೆ, ಲೆಕ್ಕ ಕೇಳುವ ಹಕ್ಕು ನಮಗೆ ಎಷ್ಟಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

೧. ಬೆಳೆದ ನಗರ, ಬೆಳೆಯದ ಗಂಟು

೧೯೫೧ರ ಜನಗಣತಿಯಲ್ಲಿ ಭಾರತದ ಪಟ್ಟಣಗಳಲ್ಲಿ ವಾಸಿಸುತ್ತಿದ್ದವರು ಸುಮಾರು ೬ ಕೋಟಿ ೨೦ ಲಕ್ಷ ಜನ. ಅಂದರೆ ನೂರಕ್ಕೆ ೧೭. ೨೦೧೧ರ ಜನಗಣತಿಯ ಹೊತ್ತಿಗೆ ಈ ಸಂಖ್ಯೆ ಸುಮಾರು ೩೭ ಕೋಟಿ ೭೦ ಲಕ್ಷಕ್ಕೆ ಏರಿತು. ನೂರಕ್ಕೆ ೩೧ ಜನ ಪಟ್ಟಣಿಗರಾದರು. ಪುಣೆಯ ಬೆಳವಣಿಗೆ ಇದಕ್ಕೂ ಮಿಗಿಲು. ೧೯೫೦ರ ಫೆಬ್ರುವರಿ ೧೫ರಂದು ಪುಣೆ ಮಹಾನಗರಪಾಲಿಕೆ ಸ್ಥಾಪನೆಯಾದಾಗ ಊರಿನ ಜನಸಂಖ್ಯೆ ಐದು ಲಕ್ಷದ ಒಳಗಿತ್ತು. ೨೦೧೧ರಲ್ಲಿ ಅದು ೩೧ ಲಕ್ಷವಾಗಿತ್ತು. ೨೦೧೭ರಲ್ಲಿ ೧೧ ಹಳ್ಳಿಗಳನ್ನೂ ೨೦೨೧ರಲ್ಲಿ ಮತ್ತೆ ೨೩ ಹಳ್ಳಿಗಳನ್ನೂ ಪಾಲಿಕೆಯ ಸೀಮೆಗೆ ಸೇರಿಸಿದರು. ಇವುಗಳಲ್ಲಿ ಎರಡನ್ನು ಮುಂದೆ ಬೇರ್ಪಡಿಸಿದರೂ ಉಳಿದ ಹಳ್ಳಿಗಳಿಗೆಲ್ಲ ನೀರು, ಚರಂಡಿ, ರಸ್ತೆ, ದೀಪ ಒದಗಿಸುವ ಭಾರ ಪಾಲಿಕೆಯ ಮೇಲೆ ಬಿತ್ತು.

ಊರು ಬೆಳೆದಂತೆ ಊರಿನ ಗಂಟೂ ಬೆಳೆಯಬೇಕಷ್ಟೆ. ಆದರೆ ನಮ್ಮ ದೇಶದಲ್ಲಿ ಹಾಗೆ ಆಗಲಿಲ್ಲ. ದೇಶದ ನಗರಪಾಲಿಕೆಗಳ ಎಲ್ಲ ಆದಾಯವನ್ನು ಕೂಡಿಸಿದರೂ ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಒಂದು ಪಾಲಿನ ಆಸುಪಾಸಿನಲ್ಲಿಯೇ ನಿಂತಿದೆ. ಅದೇ ವೇಳೆಗೆ ಬೇಕಾದ ಹಣವೆಷ್ಟು? ಅರ್ಥಶಾಸ್ತ್ರಜ್ಞೆ ಇಶರ್ ಜಜ್ ಅಹ್ಲುವಾಲಿಯಾ ಅವರ ಅಧ್ಯಕ್ಷತೆಯ ಉನ್ನತ ಸಮಿತಿಯು ೨೦೧೧ರಲ್ಲಿ ಕೊಟ್ಟ ವರದಿಯ ಪ್ರಕಾರ, ೨೦೩೧ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ನಗರಗಳ ಸೌಕರ್ಯಗಳಿಗೆ ಸುಮಾರು ೩೯ ಲಕ್ಷ ಕೋಟಿ ರೂಪಾಯಿ ಬೇಕಾಗುತ್ತದೆ. ಅದೂ ೨೦೦೯-೧೦ರ ಬೆಲೆಯಲ್ಲಿ. ಬೇಡಿಕೆ ಬೆಟ್ಟದಷ್ಟು, ಗಂಟು ಬೊಗಸೆಯಷ್ಟು.

೨. ಒಂದು ಚೌಕ, ಹಲವು ಯಜಮಾನರು

ಹಣದ ಮಾತಿಗೆ ಮೊದಲು ಯಜಮಾನಿಕೆಯ ಮಾತು. ನಾವು ದಿನವೂ ದಾಟುವ ಸ್ವಾರಗೇಟ ಚೌಕವನ್ನೇ ತೆಗೆದುಕೊಳ್ಳಿರಿ. ಪರವೂರಿನ ಬಸ್ಸುಗಳು ನಿಲ್ಲುವ ಎಸ್.ಟಿ. ನಿಲ್ದಾಣ ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ಮಹಾಮಂಡಳಕ್ಕೆ ಸೇರಿದ್ದು. ಊರೊಳಗಿನ ಬಸ್ಸುಗಳು ಪಿ.ಎಂ.ಪಿ.ಎಂ.ಎಲ್. ಎಂಬ ಕಂಪನಿಯವು, ಪುಣೆ ಮತ್ತು ಪಿಂಪ್ರಿ-ಚಿಂಚವಡದ ಎರಡು ಸಾರಿಗೆ ಸಂಸ್ಥೆಗಳನ್ನು ಕೂಡಿಸಿ ಇದನ್ನು ೨೦೦೭ರಲ್ಲಿ ರಚಿಸಿದರು. ನೆಲದ ಕೆಳಗಿನ ಮೆಟ್ರೋ ರೈಲು ಕೇಂದ್ರ ಮತ್ತು ರಾಜ್ಯ ಸರಕಾರಗಳು ಸಮಪಾಲಿನಲ್ಲಿ ನಡೆಸುವ ಮಹಾ-ಮೆಟ್ರೋ ಕಂಪನಿಯದು. ೨೦೨೪ರ ಸೆಪ್ಟೆಂಬರ್ ೨೯ರಂದು ಅದು ಸ್ವಾರಗೇಟಿಗೆ ಬಂದು ಮುಟ್ಟಿತು. ಹತ್ತಿರದಲ್ಲಿಯೇ ಹರಿಯುವ ಮುಠಾ ಕಾಲುವೆ ರಾಜ್ಯದ ಜಲಸಂಪನ್ಮೂಲ ಇಲಾಖೆಯದು. ರಸ್ತೆ, ಕಾಲುದಾರಿ, ಚರಂಡಿ, ಬೀದಿದೀಪ, ಕಸ ಇವು ಪಾಲಿಕೆಯವು.

ಯಜಮಾನರು ಹೆಚ್ಚಾದಷ್ಟೂ ಹೊಣೆ ಹಂಚಿ ತೆಳ್ಳಗಾಗುತ್ತದೆ. ೨೦೧೮ರ ಸೆಪ್ಟೆಂಬರ್ ೨೭ರಂದು ದಾಂಡೇಕರ ಸೇತುವೆಯ ಬಳಿ ಮುಠಾ ಕಾಲುವೆಯ ಗೋಡೆ ಒಡೆದು ಕೆಳಗಿನ ಬಸ್ತಿಯ ಮನೆಗಳಿಗೆ ನೀರು ನುಗ್ಗಿತು. ಬಡವರ ಪಾತ್ರೆ-ಪಡಗ, ಧಾನ್ಯ, ಮಕ್ಕಳ ಪುಸ್ತಕ ಎಲ್ಲ ಕೊಚ್ಚಿಹೋದವು. ಕಾಲುವೆ ಒಂದು ಇಲಾಖೆಯದು, ಅದರ ದಂಡೆಯ ಕೆಳಗಿನ ಬಸ್ತಿ ಇನ್ನೊಂದು ಸಂಸ್ಥೆಯ ಪಾಲಿನದು. ಇಂಥಲ್ಲಿ ದೂರು ಹೇಳಿಕೊಳ್ಳುವವನು ಮೊದಲು ತಿಳಿಯಬೇಕಾದದ್ದು, ಯಾವ ಬಾಗಿಲು ತಟ್ಟಬೇಕೆಂಬುದನ್ನು. ತಪ್ಪು ಬಾಗಿಲಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಅಲೆಯುತ್ತದೆ.

೩. ಹಣ ಬರುವ ದಾರಿಗಳು

ಪುಣೆ ಪಾಲಿಕೆಯ ೨೦೨೫-೨೬ರ ಆಯವ್ಯಯ ಪತ್ರಿಕೆ ಹನ್ನೆರಡು ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು. ಇಷ್ಟು ಹಣ ಎಲ್ಲಿಂದ ಬರಬೇಕು? ಮುಖ್ಯ ದಾರಿಗಳು ನಾಲ್ಕು.

ಮೊದಲನೆಯದು ಆಸ್ತಿಕರ, ಅಂದರೆ ಮನೆಪಟ್ಟಿ. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂಬ ಅಂದಾಜಿನ ಮೇಲೆ ಇದನ್ನು ಆಕರಿಸುತ್ತಾರೆ. ಎರಡನೆಯದು ಕಟ್ಟಡದ ಪರವಾನಿಗೆ ಮತ್ತು ಅಭಿವೃದ್ಧಿ ಶುಲ್ಕ. ಕಟ್ಟಡದ ವ್ಯಾಪಾರ ಏರಿದಾಗ ಇದು ಉಕ್ಕುತ್ತದೆ, ಇಳಿದಾಗ ಬತ್ತುತ್ತದೆ. ಇದನ್ನು ನಂಬಿ ಸಂಸಾರ ಮಾಡುವುದು ಕಷ್ಟ. ಮೂರನೆಯದು ನೀರುಪಟ್ಟಿ ಮೊದಲಾದ ಸೇವಾಶುಲ್ಕಗಳು. ನಾಲ್ಕನೆಯದು ಮೇಲಿನ ಸರಕಾರಗಳಿಂದ ಬರುವ ಪರಿಹಾರ ಮತ್ತು ಅನುದಾನ.

ಈ ನಾಲ್ಕನೆಯದರ ಹಿಂದೆ ಒಂದು ಇತಿಹಾಸವಿದೆ. ಮೊದಲು ಊರಿನೊಳಗೆ ಬರುವ ಸರಕಿನ ಮೇಲೆ ನಾಕೆಗಳಲ್ಲಿ ಜಕಾತಿ ವಸೂಲಾಗುತ್ತಿತ್ತು. ಕರ್ನಾಟಕದಲ್ಲಿ ಜಕಾತಿಯನ್ನು ೧೯೭೯ರಲ್ಲಿಯೇ ತೆಗೆದುಹಾಕಿದರು. ಪುಣೆಯಲ್ಲಿ ಅದು ೨೦೧೩ರ ಮಾರ್ಚಿನ ವರೆಗೆ ಇತ್ತು. ಏಪ್ರಿಲ್ ೧ರಿಂದ ಅದರ ಸ್ಥಾನದಲ್ಲಿ ಸ್ಥಳೀಯ ಸಂಸ್ಥಾ ಕರ ಬಂದಿತು. ೨೦೧೫ರ ಆಗಸ್ಟಿನಲ್ಲಿ ಅದನ್ನೂ ಬಹುಪಾಲು ವ್ಯಾಪಾರಿಗಳಿಗೆ ರದ್ದು ಮಾಡಿದರು. ೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಬಂದ ಮೇಲೆ, ಪಾಲಿಕೆಗಳಿಗಾದ ನಷ್ಟವನ್ನು ವರ್ಷಕ್ಕೆ ನೂರಕ್ಕೆ ೮ರಂತೆ ಏರಿಸುತ್ತ ತುಂಬಿಕೊಡುವ ಕಾನೂನನ್ನು ಮಹಾರಾಷ್ಟ್ರ ಸರಕಾರ ಮಾಡಿತು. ನಾಕೆಯಲ್ಲಿ ಲಾರಿಗಳು ನಿಂತು ಕಾಯುವುದೂ ಲಂಚದ ಹಾವಳಿಯೂ ತಪ್ಪಿದವು, ಇದು ಒಳ್ಳೆಯದೇ. ಆದರೆ ತನ್ನ ಕೈಯಿಂದ ಗಳಿಸುತ್ತಿದ್ದ ಪಾಲಿಕೆ ತಿಂಗಳು ತಿಂಗಳು ಮೇಲಿನವರ ಕೈ ನೋಡುವಂತಾಯಿತು ಎಂಬುದನ್ನೂ ಮರೆಯಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದರಲ್ಲಿ ನಮ್ಮ ಹಣ ಎಲ್ಲಿದೆ? ಸಾಬೂನು, ಬಟ್ಟೆ, ಚಪ್ಪಲಿ ಕೊಂಡಾಗ ನಾವು ಜಿ.ಎಸ್.ಟಿ. ಕೊಡುತ್ತೇವೆ, ರಾಜ್ಯದ ಬೊಕ್ಕಸ ತುಂಬುವುದು ಅದರಿಂದ, ಪಾಲಿಕೆಗೆ ಪರಿಹಾರ ಸಿಗುವುದು ಆ ಬೊಕ್ಕಸದಿಂದ. ಮಾಲಕನು ಕಟ್ಟುವ ಮನೆಪಟ್ಟಿ ನಾವು ಕೊಡುವ ಬಾಡಿಗೆಯಲ್ಲಿ ಅಡಗಿರುತ್ತದೆ. ಬಸ್ಸಿನ ತಿಕೀಟಿನ ಹಣದಿಂದ ಬಸ್ಸಿನ ಪೂರ್ಣ ವೆಚ್ಚ ಹೊರಡುವುದಿಲ್ಲ. ಆ ಕೊರತೆಯಲ್ಲಿ ನೂರಕ್ಕೆ ೬೦ ಪಾಲನ್ನು ಪುಣೆ ಪಾಲಿಕೆಯೂ ೪೦ ಪಾಲನ್ನು ಪಿಂಪ್ರಿ-ಚಿಂಚವಡ ಪಾಲಿಕೆಯೂ ತುಂಬುತ್ತವೆ. ಹೀಗೆ ನಾವು ಕೊಡುವವರೂ ಹೌದು, ಪಡೆಯುವವರೂ ಹೌದು. ರಸೀದಿ ಮಾತ್ರ ನಮ್ಮ ಹೆಸರಿನಲ್ಲಿ ಇರುವುದಿಲ್ಲ.

೪. ವೆಚ್ಚ ಮಾಡುವವರು ಯಾರು?

೧೯೯೩ರ ಜೂನ್ ೧ರಿಂದ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ನಗರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ನಗರಯೋಜನೆ, ರಸ್ತೆ, ನೀರು, ನೈರ್ಮಲ್ಯ, ಅಗ್ನಿಶಾಮಕ, ಕೊಳೆಗೇರಿಗಳ ಸುಧಾರಣೆ ಮೊದಲಾದ ೧೮ ವಿಷಯಗಳ ಪಟ್ಟಿಯನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಇಟ್ಟಿತು. ಐದು ವರ್ಷಕ್ಕೊಮ್ಮೆ ಚುನಾವಣೆ, ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ, ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿ ಎಂದು ವಿಧಿಸಿತು. ಆದರೆ ಆ ಹದಿನೆಂಟು ವಿಷಯಗಳಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡಬೇಕೆಂಬುದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಕೀಲಿಕೈ ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು.

ಪಾಲಿಕೆಯಲ್ಲಿ ಮಹಾಪೌರರನ್ನು ನಗರಸೇವಕರು ಎರಡೂವರೆ ವರ್ಷಕ್ಕೆ ಆರಿಸುತ್ತಾರೆ. ಕಾರ್ಯಾಧಿಕಾರವಿರುವುದು ರಾಜ್ಯ ಸರಕಾರ ನೇಮಿಸುವ ಆಯುಕ್ತರ ಕೈಯಲ್ಲಿ. ಆಯವ್ಯಯದ ಕರಡನ್ನು ಆಯುಕ್ತರು ಸಿದ್ಧಪಡಿಸುತ್ತಾರೆ. ೧೬ ಜನರ ಸ್ಥಾಯೀ ಸಮಿತಿ ಅದನ್ನು ತಿದ್ದುತ್ತದೆ. ಸರ್ವಸಾಧಾರಣ ಸಭೆ ಮಂಜೂರು ಮಾಡುತ್ತದೆ. ಈ ಮೂರು ಮೆಟ್ಟಿಲುಗಳಲ್ಲಿ ಎರಡು ಜನಪ್ರತಿನಿಧಿಗಳವು. ಆದರೆ ಪುಣೆಯ ಸಭೆಯ ಅವಧಿ ೨೦೨೨ರ ಮಾರ್ಚಿನಲ್ಲಿ ಮುಗಿದ ಮೇಲೆ ಚುನಾವಣೆ ನಡೆಯಲಿಲ್ಲ. ೨೦೧೭ರ ಫೆಬ್ರುವರಿಯಲ್ಲಿ ಮತ ಹಾಕಿದ ಪುಣೆಯವರು ಮತ್ತೆ ಪಾಲಿಕೆಗಾಗಿ ಮತ ಹಾಕಿದ್ದು ೨೦೨೬ರ ಜನವರಿಯಲ್ಲಿ. ನಡುವಿನ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯೇ ಕರಡು ಮಾಡಿ ಆಡಳಿತಾಧಿಕಾರಿಯೇ ಮಂಜೂರು ಮಾಡುವಂತಾಗಿತ್ತು. ಬೆಂಗಳೂರಿನದೂ ಇದೇ ಕಥೆ. ಅಲ್ಲಿಯ ಚುನಾಯಿತ ಸಭೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಹೊಸ ಸಭೆ ಬರುವ ಮೊದಲೇ ೨೦೨೫ರ ಸೆಪ್ಟೆಂಬರಿನಲ್ಲಿ ಊರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದರು. ಅಧಿಕಾರಿಗಳು ದಕ್ಷರಿರಬಹುದು, ಆದರೂ ನಮ್ಮ ಓಣಿಯ ಮುಂದೆ ಬಂದು ಮತ ಕೇಳುವ ಭಯ ಅವರಿಗೆ ಇರುವುದಿಲ್ಲ.

೫. ಕಟ್ಟುವುದು ಒಮ್ಮೆ, ಕಾಯುವುದು ದಿನವೂ

ನಗರದ ವೆಚ್ಚದಲ್ಲಿ ಎರಡು ಬಗೆ. ಹೊಸದನ್ನು ಕಟ್ಟುವ ವೆಚ್ಚ ಒಂದು. ಕಟ್ಟಿದ್ದನ್ನು ಕಾಪಾಡುವ ವೆಚ್ಚ ಇನ್ನೊಂದು. ಮೊದಲನೆಯದಕ್ಕೆ ಅನುದಾನ ಸಿಗುತ್ತದೆ, ಸಾಲ ಸಿಗುತ್ತದೆ, ಉದ್ಘಾಟನೆಯ ಕಲ್ಲೂ ಸಿಗುತ್ತದೆ. ಎರಡನೆಯದಕ್ಕೆ ಸ್ವಂತ ಆದಾಯವೇ ಗತಿ.

ನೀರಿನ ಉದಾಹರಣೆ ನೋಡಿರಿ. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರ ಕಾಲದಲ್ಲಿ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯ ಮೂಲಕ ಪುಣೆಗೆ ನೀರು ತಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಖಡಕವಾಸಲೆಯ ಆಣೆಕಟ್ಟು ಬಂದಿತು. ಈಚೆಗೆ ಊರಿಗೆಲ್ಲ ದಿನದ ೨೪ ತಾಸೂ ನೀರು ಕೊಡುವ ಯೋಜನೆಗಾಗಿ ಪಾಲಿಕೆಯು ೨೦೧೭ರ ಜೂನ್ ತಿಂಗಳಲ್ಲಿ ೨೦೦ ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಮಾರಿತು. ಅವಧಿ ಹತ್ತು ವರ್ಷ, ಬಡ್ಡಿ ನೂರಕ್ಕೆ ೭.೫೯. ಇದು ಹೊಸ ಪದ್ಧತಿಯೇನೂ ಅಲ್ಲ. ಬೆಂಗಳೂರು ೧೯೯೭ರಲ್ಲಿ ರಾಜ್ಯದ ಜಾಮೀನಿನ ಮೇಲೆ ೧೨೫ ಕೋಟಿಯ ಸಾಲಪತ್ರ ಮಾರಿತ್ತು. ಅಹಮದಾಬಾದು ೧೯೯೮ರಲ್ಲಿ ಯಾರ ಜಾಮೀನೂ ಇಲ್ಲದೆ, ತನ್ನ ಲೆಕ್ಕಪತ್ರದ ಬಲದಿಂದಲೇ ೧೦೦ ಕೋಟಿ ಎತ್ತಿತು. ಲೆಕ್ಕ ಶುದ್ಧವಿದ್ದವನಿಗೆ ಪೇಟೆಯಲ್ಲಿ ಸಾಲ ಹುಟ್ಟುತ್ತದೆ ಎಂಬ ಮಾತು ಊರಿಗೂ ಸಲ್ಲುತ್ತದೆ.

ನಮ್ಮ ಕಾರಕೂನ ಮಿತ್ರರು ಒಂದು ಲೆಕ್ಕ ಮಾಡಲಿ. ೨೦೦ ಕೋಟಿಗೆ ನೂರಕ್ಕೆ ೭.೫೯ರಂತೆ ವರ್ಷದ ಬಡ್ಡಿ ೧೫ ಕೋಟಿ ೧೮ ಲಕ್ಷ ರೂಪಾಯಿ. ಈ ಹಣ ಪಟ್ಟಿಯಿಂದ ಬರಬೇಕು. ಹಾಕಿದ ಕೊಳವೆ ಸೋರುತ್ತಿದ್ದರೆ, ಮೀಟರು ಇಲ್ಲದೆ ನೀರು ಪೋಲಾಗುತ್ತಿದ್ದರೆ, ಸಾಲ ಉಳಿಯುತ್ತದೆ, ನೀರು ಉಳಿಯುವುದಿಲ್ಲ.

ನಮ್ಮ ನಾಡಿನ ಕಡೆಯಿಂದಲೂ ಒಂದು ಉದಾಹರಣೆ ಇದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳಲ್ಲಿ ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುತ್ತಿದ್ದ ಕಾಲ ನಮ್ಮಲ್ಲಿ ಅನೇಕರಿಗೆ ನೆನಪಿದೆ. ೨೦೦೮ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಈ ಊರುಗಳ ಕೆಲವು ವಾರ್ಡುಗಳಲ್ಲಿ, ಸುಮಾರು ಹತ್ತರಲ್ಲೊಂದು ಪಾಲು ಜನರಿಗೆ, ಹಗಲಿರುಳೂ ನೀರು ಕೊಡುವ ಪ್ರಯೋಗ ನಡೆಯಿತು. ಅಲ್ಲಿ ನೀರಿನ ಮೂಲವನ್ನು ಹೆಚ್ಚಿಸಿದ್ದಕ್ಕಿಂತ ಹಳೆಯ ಕೊಳವೆ ಬದಲಿಸಿ, ಸೋರಿಕೆ ತಡೆದು, ಮನೆಮನೆಗೆ ಮೀಟರು ಹಾಕಿದ್ದೇ ಮುಖ್ಯ. ಖಾಲಿಯಾದ ಕೊಳವೆ ನೆಲದ ಹೊಲಸು ನೀರನ್ನು ಬಿರುಕುಗಳಿಂದ ಒಳಗೆ ಹೀರುತ್ತದೆ. ಸದಾ ತುಂಬಿದ ಕೊಳವೆ ಹೀರುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ವಾರ್ಡುಗಳನ್ನು ಹೋಲಿಸಿದಾಗ ನಿರಂತರ ನೀರಿನ ಕಡೆ ನಳದ ನೀರಿನ ಕಲ್ಮಷ ಕಡಿಮೆ ಇತ್ತು. ಆದರೆ ಮೀಟರಿನ ಬಿಲ್ಲು ಬಡವನಿಗೆ ತಾಳುವಂತಿರಬೇಕೆಂಬ ವಾದವೂ ಆಗ ಎದ್ದಿತು. ಅದು ನ್ಯಾಯವಾದ ವಾದವೇ.

೬. ಕಾಯದಿದ್ದರೆ ಏನಾಗುತ್ತದೆ

ಕಾತ್ರಜದ ಗುಡ್ಡಗಳಿಂದ ಇಳಿದು ಸಹಕಾರನಗರದ ಬದಿಯಿಂದ ಮುಠಾ ನದಿ ಸೇರುವ ಅಂಬಿಲ ಓಢೆ ಎಂಬ ಹಳ್ಳ ನಮಗೆಲ್ಲ ಗೊತ್ತು. ಬೇಸಗೆಯಲ್ಲಿ ಅದು ಚರಂಡಿಯಂತೆ ಕಾಣುತ್ತದೆ. ವರ್ಷ ವರ್ಷಕ್ಕೆ ಅದರ ಪಾತ್ರದಲ್ಲಿ ಮಣ್ಣು ಬಿದ್ದು, ದಂಡೆಯಲ್ಲಿ ಗೋಡೆಗಳು ಎದ್ದು, ದಾರಿ ಇಕ್ಕಟ್ಟಾಯಿತು. ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಸುರಿದ ಮಳೆಗೆ ಹಳ್ಳ ತನ್ನ ಹಳೆಯ ದಾರಿಯನ್ನು ಕೇಳಿತು. ಅರಣ್ಯೇಶ್ವರದ ಟಾಂಗೆವಾಲೆ ಕಾಲನಿಯಲ್ಲಿ ಗೋಡೆ ಕುಸಿದು ಜನ ಸತ್ತರು. ಆ ಮಳೆಯಲ್ಲಿ ಪುಣೆ ಮತ್ತು ಸುತ್ತಣ ಪ್ರದೇಶದಲ್ಲಿ ಒಟ್ಟು ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಳ್ಳದ ಹೂಳೆತ್ತುವ ವೆಚ್ಚ ಆಯವ್ಯಯ ಪತ್ರಿಕೆಯಲ್ಲಿ ಒಂದು ಸಣ್ಣ ಸಾಲು. ಆ ಸಾಲಿನ ಕೆಲಸ ನಡೆಯಿತೋ ಇಲ್ಲವೋ ಎಂದು ನೋಡುವವರು ಇಲ್ಲದಿದ್ದರೆ ಅದರ ಬೆಲೆಯನ್ನು ತೆರುವವರು ಹಳ್ಳದ ದಂಡೆಯಲ್ಲಿ ಅಗ್ಗದ ಖೋಲಿ ಹಿಡಿದವರು. ಅವರು ನಮ್ಮಂಥವರೇ.

೭. ಪಟ್ಟಿಯಲ್ಲಿ ನ್ಯಾಯ

ಊರಿನ ಆದಾಯ ಹೆಚ್ಚಬೇಕೆಂದರೆ ಪಟ್ಟಿಯ ದರ ಏರಿಸುವುದೊಂದೇ ದಾರಿಯಲ್ಲ. ಎಲ್ಲ ಮನೆಗಳೂ ಲೆಕ್ಕಕ್ಕೆ ಸಿಗಬೇಕು. ಲೆಕ್ಕದ ರೀತಿ ಎಲ್ಲರಿಗೂ ತಿಳಿಯುವಂತಿರಬೇಕು. ಬೆಂಗಳೂರು ೨೦೦೦ದಲ್ಲಿ ಸ್ವಯಂ ಕರನಿರ್ಧಾರ ಪದ್ಧತಿಯನ್ನು ತಂದಿತು. ಮನೆಯ ಅಳತೆ, ಬಡಾವಣೆ, ಕಟ್ಟಡದ ಬಗೆ ಇವುಗಳ ಕೋಷ್ಟಕ ನೋಡಿ ಮಾಲಕನೇ ಲೆಕ್ಕ ಹಾಕಿ ಹಣ ಕಟ್ಟಬಹುದಾಯಿತು. ಕರವಸೂಲಿದಾರನ ಮರ್ಜಿ ಹಿಂದೆ ಬಿದ್ದಿತು, ವಸೂಲಿ ಗಣನೀಯವಾಗಿ ಏರಿತು.

ಪುಣೆಯಲ್ಲಿ ಬೇರೊಂದು ಪ್ರಶ್ನೆ ಇದೆ. ಮಾಲಕನು ತಾನೇ ವಾಸಿಸುವ ಮನೆಗೆ ಆಸ್ತಿಕರದ ಮೌಲ್ಯದಲ್ಲಿ ನೂರಕ್ಕೆ ೪೦ರ ರಿಯಾಯಿತಿ ೧೯೭೦ರಿಂದ ನಡೆದುಬಂದಿತ್ತು. ನಡುವೆ ಕೆಲವು ವರ್ಷ ನಿಂತು, ೨೦೨೩ರಲ್ಲಿ ಮತ್ತೆ ಜಾರಿಗೆ ಬಂದಿತು. ಬಾಡಿಗೆಗೆ ಕೊಟ್ಟ ಮನೆಗೆ ಈ ರಿಯಾಯಿತಿ ಇಲ್ಲ. ಒಂದೇ ಕಟ್ಟಡದಲ್ಲಿ ಸಮನಾದ ಎರಡು ಖೋಲಿಗಳಿದ್ದರೆ, ಮಾಲಕನಿರುವ ಖೋಲಿಗಿಂತ ಬಾಡಿಗೆದಾರನಿರುವ ಖೋಲಿಯ ಪಟ್ಟಿ ಹೆಚ್ಚು. ಆ ಹೆಚ್ಚಳ ಕೊನೆಗೆ ಬಾಡಿಗೆಗೇ ಸೇರುತ್ತದೆ. ಪಟ್ಟಿ ಕಟ್ಟದವರೆಂದು ಎನಿಸಿಕೊಳ್ಳುವ ನಾವು ಹೀಗೆ ಹೆಚ್ಚಿನ ದರದ ಪಟ್ಟಿಯನ್ನೇ ಹೊರುತ್ತಿದ್ದೇವೆ.

೮. ಲೆಕ್ಕ ಕೇಳುವುದು

ಊರಿನ ಹಣದ ಬಗೆಗೆ ಪ್ರಶ್ನೆ ಕೇಳುವ ಪರಂಪರೆ ಪುಣೆಗೆ ಹೊಸದಲ್ಲ. ಮಹಾತ್ಮಾ ಜೋತಿರಾವ್ ಫುಲೆಯವರು ೧೮೭೬ರಿಂದ ಕೆಲವು ವರ್ಷ ಪುಣೆ ನಗರಸಭೆಯ ಸದಸ್ಯರಾಗಿದ್ದರು. ವೈಸರಾಯ್ ಲಾರ್ಡ್ ಲಿಟ್ಟನ್ನರ ಸ್ವಾಗತಕ್ಕಾಗಿ ನಗರಸಭೆಯ ಸಾವಿರ ರೂಪಾಯಿ ವೆಚ್ಚ ಮಾಡುವುದನ್ನು ಅವರು ವಿರೋಧಿಸಿದರು. ಆ ಹಣ ಬಡವರ ವಿದ್ಯೆಗೆ ಸಲ್ಲಲಿ ಎಂಬುದು ಅವರ ನಿಲುವು. ಇಂದಿನ ಲೆಕ್ಕದಲ್ಲಿ ಸಾವಿರ ರೂಪಾಯಿ ಅಲ್ಪ. ಆದರೆ ಕೇಳಿದ ಪ್ರಶ್ನೆ ಅಲ್ಪವಲ್ಲ.

ನಾವು ಮಾಡಬಹುದಾದ ಕೆಲಸಗಳು ಕೆಲವಿವೆ. ಮೊದಲನೆಯದಾಗಿ, ಮತದಾರರ ಯಾದಿಯಲ್ಲಿ ಹೆಸರು. ಬ್ರಿಟಿಷರ ಕಾಲದಲ್ಲಿ ನಗರಸಭೆಯ ಮತ ಪಟ್ಟಿ ಕಟ್ಟುವವರ ಸೊತ್ತಾಗಿತ್ತು. ಇಂದು ಹದಿನೆಂಟು ವರ್ಷ ತುಂಬಿದ ನಾಗರಿಕನಾಗಿದ್ದು ಇಲ್ಲಿ ವಾಸವಾಗಿದ್ದರೆ ಸಾಕು, ಸ್ವಂತ ಮನೆ ಬೇಕಿಲ್ಲ. ಆದರೆ ಹೆಸರು ಒಂದೇ ಕಡೆ ಇರಬೇಕು. ಹಳ್ಳಿಯಲ್ಲಿ ಹೆಸರಿದ್ದವರು ಇಲ್ಲಿಗೆ ವರ್ಗ ಮಾಡಿಸಿಕೊಂಡರೆ ಅಲ್ಲಿಯ ಪಂಚಾಯತಿಯ ಮತ ಹೋಗುತ್ತದೆ. ಹೊಲಮನೆ, ಹಿರಿಯರು ಅಲ್ಲಿರುವವರಿಗೆ ಇದು ಸುಲಭದ ನಿರ್ಧಾರವಲ್ಲ. ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ಬದುಕುತ್ತೇವೆ, ಮಕ್ಕಳು ಯಾವ ನಳದ ನೀರು ಕುಡಿಯುತ್ತಾರೆ ಎಂದು ಯೋಚಿಸಿ ಪ್ರತಿಯೊಬ್ಬರೂ ನಿರ್ಧರಿಸಬೇಕು.

ಎರಡನೆಯದಾಗಿ, ಆಯವ್ಯಯದಲ್ಲಿ ಪಾಲುಗೊಳ್ಳುವುದು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ ೧೯೮೯ರಲ್ಲಿ ಆರಂಭವಾದ ಒಂದು ಪದ್ಧತಿಯ ಜಾಡಿನಲ್ಲಿ ಪುಣೆ ಪಾಲಿಕೆಯೂ ೨೦೦೬ರಲ್ಲಿ ನಾಗರಿಕರಿಂದ ಸೂಚನೆಗಳನ್ನು ಕೇಳತೊಡಗಿತು. ಕಾಲುದಾರಿ, ಬೀದಿದೀಪ, ಬಸ್ಸಿನ ತಂಗುದಾಣ, ಸಾರ್ವಜನಿಕ ಶೌಚಾಲಯದ ದುರಸ್ತಿ ಇಂಥ, ಐದು ಲಕ್ಷ ರೂಪಾಯಿಗಳೊಳಗಿನ ಕೆಲಸಗಳನ್ನು ಅರ್ಜಿ ತುಂಬಿ ಸೂಚಿಸಬಹುದೆಂದು ಗೊತ್ತುಮಾಡಿದರು. ಅರ್ಜಿ ಮರಾಠಿಯಲ್ಲಿದೆಯೆಂದು ಹಿಂಜರಿಯಬೇಕಿಲ್ಲ; ಓದು ಬಲ್ಲ ಒಬ್ಬರು ಹತ್ತು ಜನರಿಗೆ ತುಂಬಿಕೊಡಬಹುದು. ಸೂಚಿಸಿದ ಮೇಲೆ ಆ ಕೆಲಸ ಆಯವ್ಯಯದಲ್ಲಿ ಸೇರಿತೇ, ಸೇರಿದ್ದು ನಡೆಯಿತೇ ಎಂದು ಕ್ಷೇತ್ರೀಯ ಕಚೇರಿಯಲ್ಲಿ ವಿಚಾರಿಸಬೇಕು.

ಮೂರನೆಯದಾಗಿ, ಮಾಹಿತಿ. ೨೦೦೫ರ ಮಾಹಿತಿ ಹಕ್ಕಿನ ಕಾನೂನಿನಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ಓಣಿಯ ಚರಂಡಿಗೆ ಎಷ್ಟು ಹಣ ಮಂಜೂರಾಯಿತು, ಎಷ್ಟು ವೆಚ್ಚವಾಯಿತು, ಕೆಲಸ ಯಾವ ತಾರೀಖಿಗೆ ಮುಗಿಯಿತು: ಈ ಮೂರು ಪ್ರಶ್ನೆಗಳು ಸಾಕು. ಜಗಳದ ಮಾತು ಬೇಡ, ಆರೋಪ ಬೇಡ. ತಾರೀಖು ಮತ್ತು ಅಂಕಿ ಕೇಳಿದರೆ ಸಾಕು.

ಇಷ್ಟರಿಂದಲೇ ನಗರ ಸುಧಾರಿಸಿಬಿಡುತ್ತದೆಂದು ನಾವು ಹೇಳುವುದಿಲ್ಲ. ರಾಜ್ಯಗಳು ಅಧಿಕಾರ ಬಿಟ್ಟುಕೊಡಬೇಕು, ಪಾಲಿಕೆಗಳು ತಮ್ಮ ಆದಾಯ ಬೆಳೆಸಬೇಕು, ಚುನಾವಣೆಗಳು ಹೊತ್ತಿಗೆ ನಡೆಯ��ೇಕು. ಆದರೆ ಎರವಲು ಹಣದಿಂದ ಊರು ಕಟ್ಟಬಹುದೇ ಹೊರತು ಬಾಳಿಸಲಾಗದು. ಸ್ವಂತ ಹಣದಿಂದ ಬಾಳುವ ಊರು ಹಣ ಕೊಟ್ಟವರಿಗೆ ಲೆಕ್ಕ ಹೇಳಲೇಬೇಕಾಗುತ್ತದೆ. ಹಣ ಕೊಟ್ಟವರಲ್ಲಿ ನಾವೂ ಇದ್ದೇವೆ.

ಅಭ್ಯಾಸಕ್ಕೆ ಪ್ರಶ್ನೆಗಳು

(ನಾಲ್ಕು ಜನ ಕೂಡಿ ಚರ್ಚಿಸಿದರೆ ಹೆಚ್ಚು ಪ್ರಯೋಜನ.)

೧. ನಿಮ್ಮ ಮನೆಯಿಂದ ಕೆಲಸದ ಸ್ಥಳದ ವರೆಗಿನ ದಾರಿಯಲ್ಲಿ ಯಾವ ಯಾವ ಸಂಸ್ಥೆಗಳ ಹೊಣೆ ಬರುತ್ತದೆ? ಯಾದಿ ಮಾಡಿರಿ.

೨. ಜಕಾತಿ ಹೋಗಿ ಪರಿಹಾರ ಬಂದುದರಿಂದ ಪಾಲಿಕೆಗೆ ಆದ ಲಾಭವೇನು, ನಷ್ಟವೇನು?

೩. ೨೦೦ ಕೋಟಿ ಸಾಲಕ್ಕೆ ನೂರಕ್ಕೆ ೭.೫೯ರಂತೆ ಹತ್ತು ವರ್ಷದ ಒಟ್ಟು ಬಡ್ಡಿ ಎಷ್ಟು?

೪. ಹೊಸ ಮೇಲುಸೇತುವೆ, ಹಳೆಯ ಹಳ್ಳದ ಹೂಳೆತ್ತುವಿಕೆ ಇವೆರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ನೀವು ಯಾವುದನ್ನು ಆರಿಸುತ್ತೀರಿ? ಏಕೆ?

೫. ನಿಮ್ಮ ಓಣಿಗೆ ಐದು ಲಕ್ಷ ರೂಪಾಯಿಗಳೊಳಗೆ ಆಗಬಹುದಾದ ಒಂದು ಕೆಲಸವನ್ನು ಹತ್ತು ಸಾಲುಗಳಲ್ಲಿ ಬರೆಯಿರಿ.